ಗಾಜಿನ ಹಿಂದಿನ ಮುಖಗಳು: ಹಿಮ್ಮುಖ ಭಾವಚಿತ್ರಗಳ ಭೌತವಿಜ್ಞಾನ

ಹಳೆಯ ಮನೆಗಳ ನಡುಮನೆಯಲ್ಲಿ ಅಥವಾ ದೇವರಕೋಣೆಯಲ್ಲಿ ಅಪರೂಪಕ್ಕೆ ಒಂದು ಬಗೆಯ ಭಾವಚಿತ್ರ ಕಾಣಸಿಗುತ್ತದೆ. ದೂರದಿಂದ ನೋಡಿದರೆ ಅದು ಕಟ್ಟು ಹಾಕಿಸಿ ಗಾಜು ಕೂರಿಸಿದ ಸಾಮಾನ್ಯ ಚಿತ್ರದಂತೆಯೇ ಇರುತ್ತದೆ. ಹತ್ತಿರ ಹೋಗಿ ಓರೆಯಾಗಿ ನೋಡಿದರೆ ಗಾಜಿಗೂ ಚಿತ್ರಕ್ಕೂ ನಡುವೆ ಅಂತರವೇ ಇಲ್ಲವೆಂಬುದು ತಿಳಿಯುತ್ತದೆ. ಇಲ್ಲಿ ಕಾಗದವೂ ಇಲ್ಲ, ಬಟ್ಟೆಯೂ ಇಲ್ಲ. ಬಣ್ಣವನ್ನು ನೇರವಾಗಿ ಗಾಜಿನ ಹಿಂಬದಿಗೇ ಬಳಿಯಲಾಗಿದೆ. ನಾವು ಅದನ್ನು ಮುಂಬದಿಯಿಂದ, ಗಾಜಿನ ಮೂಲಕ ನೋಡುತ್ತೇವೆ. ಇಂಥ ಚಿತ್ರಗಳನ್ನು ಹಿಮ್ಮುಖ ಗಾಜುಚಿತ್ರಗಳು ಎಂದು ಕರೆಯಬಹುದು.

ಇಂಥ ಚಿತ್ರವಿರುವ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು, ‘ಬಣ್ಣ ಮಾಸಿಹೋಗಿದೆ’ ಎಂಬುದು. ಮುತ್ತಜ್ಜನ ಕಪ್ಪು ಕೋಟಿನಲ್ಲಿ ಬೂದಿ ಬಣ್ಣದ ತೇಪೆಗಳು ಕಾಣಿಸಿಕೊಂಡಿರುತ್ತವೆ. ಮುತ್ತಜ್ಜಿಯ ಸೀರೆಯ ಕೆಂಪು ಅಲ್ಲಲ್ಲಿ ಬಿಳಿಚಿಕೊಂಡಿರುತ್ತದೆ. ಮನೆಯವರು ಕಾಳಜಿಯಿಂದಲೇ ಕಟ್ಟು ಬಿಚ್ಚಿ, ಹಿಂಬದಿಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ನೂರೈವತ್ತು ವರ್ಷ ಉಳಿದುಬಂದಿದ್ದ ಮುಖ ಒಂದೇ ಸಲಕ್ಕೆ ಬಟ್ಟೆಯ ಪಾಲಾಗಬಹುದು.

ವಾಸ್ತವವಾಗಿ ಅನೇಕ ಸಂದರ್ಭಗಳಲ್ಲಿ ಬಣ್ಣ ಮಾಸಿಯೇ ಇರುವುದಿಲ್ಲ. ವರ್ಣದ್ರವ್ಯ ಮೊದಲಿನಷ್ಟೇ ಗಾಢವಾಗಿ, ಇದ್ದಲ್ಲೇ ಇರುತ್ತದೆ. ಕೆಟ್ಟಿರುವುದು ಗಾಜಿಗೂ ಬಣ್ಣಕ್ಕೂ ಇದ್ದ ಬಿಡುವಿಲ್ಲದ ಸಂಪರ್ಕ. ಈ ಸಂಪರ್ಕ ಏನು ಮಾಡುತ್ತದೆ, ಅದು ಏಕೆ ತಪ್ಪುತ್ತದೆ ಎಂಬುದನ್ನು ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳ ಬೆಳಕಿನ ಪಾಠದ ನೆರವಿನಿಂದಲೇ ಅರಿಯಬಹುದು. ಅರಿತರೆ ಚಿತ್ರವನ್ನು ಉಳಿಸಿಕೊಳ್ಳುವ ದಾರಿಯೂ ಸ್ಪಷ್ಟವಾಗುತ್ತದೆ.

ಬರೆಯುವ ಕ್ರಮವೇ ತಿರುಗುಮುರುಗು

ಬಟ್ಟೆಯ ಮೇಲೆ ಭಾವಚಿತ್ರ ಬರೆಯುವ ಕಲಾವಿದ ಮೊದಲು ಹಿನ್ನೆಲೆಯನ್ನು ಬಳಿಯುತ್ತಾನೆ. ಅದರ ಮೇಲೆ ಮೈಬಣ್ಣ, ಆಮೇಲೆ ನೆರಳು, ನಂತರ ಹುಬ್ಬು, ಮೀಸೆ, ಒಡವೆ, ಎಲ್ಲಕ್ಕಿಂತ ಕೊನೆಗೆ ಕಣ್ಣಿನ ಹೊಳಪಿನ ಬಿಳಿ ಚುಕ್ಕೆ. ಕೊನೆಗೆ ಬಳಿದದ್ದು ನೋಡುವವರಿಗೆ ಎಲ್ಲಕ್ಕಿಂತ ಮುಂದೆ ಇರುತ್ತದೆ. ಗಾಜಿನ ಹಿಂಬದಿಗೆ ಬರೆಯುವಾಗ ಮೊದಲು ಬಳಿದದ್ದೇ ನೋಡುವವರಿಗೆ ಮುಂದೆ ಇರುವುದರಿಂದ ಈ ಕ್ರಮ ಪೂರ್ತಿ ಉಲ್ಟಾ ಆಗಬೇಕು. ಕಣ್ಣಿನ ಬಿಳಿ ಚುಕ್ಕೆ ಮೊದಲು, ಆಮೇಲೆ ಪಾಪೆ, ಮೂಗುತಿಯ ಹರಳು, ಮೀಸೆಯ ಎಳೆಗಳು, ನೆರಳು, ಅದರ ಹಿಂದೆ ಮೈಬಣ್ಣ, ಕಟ್ಟಕಡೆಗೆ ಹಿನ್ನೆಲೆ. ಮೈಬಣ್ಣ ಬಳಿದಾದ ಮೇಲೆ ಕಣ್ಣು ಓರೆಯಾಗಿದೆ ಎಂದು ಕಂಡರೆ ಮೇಲಿನಿಂದ ತಿದ್ದುವಂತಿಲ್ಲ. ಹಿಂದಿನ ಪದರಗಳನ್ನೆಲ್ಲ ಕೆರೆದು ತೆಗೆದು ಮತ್ತೆ ಮೊದಲಿನಿಂದ ತೊಡಗಬೇಕು.

ಇನ್ನೊಂದು ತೊಡಕು ಎಡ-ಬಲದ್ದು. ರೇಖಾಚಿತ್ರವನ್ನು ಗಾಜಿನ ಕೆಳಗಿಟ್ಟು ಮೇಲಿನಿಂದ ನಕಲು ಮಾಡಿ, ಗಾಜನ್ನು ತಿರುಗಿಸಿ ನೋಡಿದರೆ ಎಡ ಬಲವಾಗಿರುತ್ತದೆ. ನಮ್ಮ ಕಡೆ ಎಡ ಭುಜದ ಮೇಲಿರುವ ಸೆರಗು ಬಲ ಭುಜಕ್ಕೆ ಹೋಗುತ್ತದೆ. ಎಡ ಹೆಗಲಿನಿಂದ ಇಳಿಯಬೇಕಾದ ಜನಿವಾರ ಬಲ ಹೆಗಲಿನಿಂದ ಇಳಿದು, ಶ್ರಾದ್ಧಕಾಲದ ಅಪಸವ್ಯದಂತೆ ಕಾಣುತ್ತದೆ. ಬದುಕಿರುವ ಯಜಮಾನನ ಭಾವಚಿತ್ರದಲ್ಲಿ ಇದನ್ನು ಯಾವ ಮನೆಯವರೂ ಒಪ್ಪಲಾರರು! ಆದ್ದರಿಂದ ಕಲಾವಿದ ಮೂಲ ರೇಖಾಚಿತ್ರವನ್ನೇ ಮೊದಲು ಕನ್ನಡಿಬಿಂಬವಾಗಿ ತಿರುಗಿಸಿಕೊಳ್ಳಬೇಕು, ಹೆಸರನ್ನು ಬರೆಯುವುದಿದ್ದರೆ ಅಕ್ಷರಗಳನ್ನೂ ತಿರುಗುಮುರುಗಾಗಿ ಬರೆಯಬೇಕು.

ಗಾಜಿನ ಮೇಲೆ ಮನೆತನದ ಮುಖಗಳು

ಗಾಜಿನ ಹಿಂದೆ ಕುಟುಂಬದ ಮುಖಗಳನ್ನು ಉಳಿಸುವ ಆಸೆ ಬಹಳ ಹಳೆಯದು. ಇಟಲಿಯ ಬ್ರೆಷಾ ನಗರದ ಸಾಂತಾ ಜೂಲಿಯಾ ಸಂಗ್ರಹಾಲಯದಲ್ಲಿ ಒಂದು ಶಿಲುಬೆಯಿದೆ. ಅದರಲ್ಲಿ ಕೂರಿಸಿರುವ, ಸುಮಾರು 6 ಸೆಂಟಿಮೀಟರ್ ವ್ಯಾಸದ ಗಾಜಿನ ಪದಕವೊಂದರಲ್ಲಿ ತಾಯಿ ಮತ್ತು ಇಬ್ಬರು ಮಕ್ಕಳ ಚಿತ್ರವಿದೆ. ಸಾಮಾನ್ಯವಾಗಿ ಕ್ರಿಸ್ತಶಕ 3ನೇ ಶತಮಾನದ್ದೆಂದು ಹೇಳಲಾಗುವ ಈ ಚಿತ್ರವನ್ನು ಚಿನ್ನದ ರೇಕಿನ ಮೇಲೆ ಸೂಜಿಯಂಥ ಮೊನೆಯಿಂದ ಕೊರೆದು, ಎರಡು ಗಾಜಿನ ಪದರಗಳ ನಡುವೆ ಬೆಸೆಯಲಾಗಿದೆ. ಇದು ಬಣ್ಣದ ಚಿತ್ರವಲ್ಲವಾದರೂ ಗಾಜಿನ ಮೂಲಕ ನೋಡುವ ಭಾವಚಿತ್ರಗಳ ಪೂರ್ವಿಕ ಎನ್ನಬಹುದು.

ಬಣ್ಣದ ಹಿಮ್ಮುಖ ಚಿತ್ರಗಳು ಯೂರೋಪಿನಲ್ಲಿ ಬೆಳೆದು, 18ನೇ ಶತಮಾನದಲ್ಲಿ ಚೀನಾಕ್ಕೆ ತಲುಪಿದವು. ಕ್ಯಾಂಟನ್ ಬಂದರಿನ, ಅಂದರೆ ಇಂದಿನ ಗ್ವಾಂಗ್‌ಜೌ ನಗರದ ಚಿತ್ರಶಾಲೆಗಳು ಈ ಕಲೆಯನ್ನು ದೊಡ್ಡ ರಫ್ತು ಉದ್ಯಮವನ್ನಾಗಿಸಿದವು. ಹಡಗಿನ ಕಪ್ತಾನರು, ವರ್ತಕರು ಅಲ್ಲಿ ಇಳಿದಾಗ ತಮ್ಮ ಭಾವಚಿತ್ರ ಬರೆಸಿಕೊಳ್ಳುತ್ತಿದ್ದರು. ಸ್ಪಾಯ್ಲಂ ಎಂದು ಪಾಶ್ಚಾತ್ಯರು ಕರೆಯುತ್ತಿದ್ದ ಚೀನೀ ಕಲಾವಿದ 1774ರಲ್ಲಿ ಥಾಮಸ್ ಫ್ರೈ ಎಂಬ ಕಪ್ತಾನನನ್ನು ಗಾಜಿನ ಹಿಂಬದಿಗೆ ಚಿತ್ರಿಸಿದ್ದ. ಈ ನಕಲುಗಾರರ ಕೈಚಳಕ ಎಷ್ಟಿತ್ತೆಂದರೆ, ಗಿಲ್ಬರ್ಟ್ ಸ್ಟುವರ್ಟ್ ಬರೆದ ಜಾರ್ಜ್ ವಾಷಿಂಗ್ಟನ್ನರ ಭಾವಚಿತ್ರದ ಗಾಜಿನ ಪ್ರತಿಗಳನ್ನು ಅಮೆರಿಕದ ವ್ಯಾಪಾರಿಯೊಬ್ಬ ಕ್ಯಾಂಟನ್ನಿನಲ್ಲಿ ಮಾಡಿಸಿ ತಂದು ಮಾರತೊಡಗಿದ. ಅದರ ವಿರುದ್ಧ ಸ್ಟುವರ್ಟ್ 1802ರಲ್ಲಿ ಫಿಲಡೆಲ್ಫಿಯದ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅದೇ ಕಾಲದಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಬೆಂಜಮಿನ್ ಗ್ರೀನ್‌ಲೀಫ್ (1769–1821) ಸಾಮಾನ್ಯ ಕುಟುಂಬಗಳವರ ಭಾವಚಿತ್ರಗಳನ್ನು ಗಾಜಿನ ಹಿಂಬದಿಗೆ ಬರೆಯುತ್ತಿದ್ದ.

ಚೀನಾದ ಜೊತೆಗಿನ ಸಮುದ್ರ ವ್ಯಾಪಾರದ ಮೂಲಕ 18ನೇ ಶತಮಾನದಲ್ಲೇ ಈ ಕಲೆ ಭಾರತಕ್ಕೂ ಬಂತು. 19ನೇ ಶತಮಾನದಲ್ಲಿ ಮೈಸೂರು ಮತ್ತು ತಂಜಾವೂರಿನ ಚಿತ್ರಕಾರರು ಇದನ್ನು ತಮ್ಮದಾಗಿಸಿಕೊಂಡರು. ದೇವದೇವತೆಗಳ ಚಿತ್ರಗಳ ಜೊತೆಗೆ ಅರಸು ಮನೆತನದವರ, ಶ್ರೀಮಂತ ಗೃಹಸ್ಥರ ಭಾವಚಿತ್ರಗಳೂ ಗಾಜಿನ ಮೇಲೆ ಮೂಡಿದವು. ಒಡವೆ, ಜರಿ ಇರುವ ಕಡೆ ಗಾಜನ್ನು ಬಣ್ಣ ಬಳಿಯದೆ ಖಾಲಿ ಬಿಟ್ಟು, ಹಿಂದಿನಿಂದ ಚಿನ್ನದ ರೇಕನ್ನೋ ಹೊಳೆಯುವ ತಗಡನ್ನೋ ಇಡುವ ಪದ್ಧತಿ ನಮ್ಮವರದು. ಛಾಯಾಚಿತ್ರ ಅಗ್ಗವಾದ ಮೇಲೆ ಭಾವಚಿತ್ರಕ್ಕಾಗಿ ಗಾಜು ಹಿಡಿದು ಕೂರುವವರು ಕಡಿಮೆಯಾದರು. ಆದ್ದರಿಂದ ಈಗ ಉಳಿದಿರುವ ಪ್ರತಿಯೊಂದು ಚಿತ್ರವೂ, ಛಾಯಾಚಿತ್ರವೇ ಇಲ್ಲದ ಒಂದು ತಲೆಮಾರಿನ ಏಕೈಕ ಮುಖದಾಖಲೆ ಆಗಿರಬಹುದು.

ಬಣ್ಣ ಗಾಢವಾಗಿ ಕಾಣುವುದೇಕೆ?

ಹೊಳೆಯ ದಡದಲ್ಲಿ ಬಿದ್ದಿರುವ ಒಣ ಕಲ್ಲು ಮಂಕಾಗಿ ಕಾಣುತ್ತದೆ. ಅದನ್ನೇ ನೀರಿನಲ್ಲಿ ಅದ್ದಿದರೆ ಅದರ ಕೆಂಪು, ಹಸಿರು ಎಳೆಗಳು ಎದ್ದು ಕಾಣುತ್ತವೆ. ಮಳೆಗಾಲದಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಿರಬಹುದು. ಕಟ್ಟು ಹಾಕಿಸಿದ ಹಳೆಯ ಛಾಯಾಚಿತ್ರ ತೇವಕ್ಕೆ ಗಾಜಿಗೆ ಅಂಟಿಕೊಳ್ಳುತ್ತದೆ. ಅಂಟಿದ ಭಾಗ ಮಾತ್ರ ಹೆಚ್ಚು ಕಪ್ಪಾಗಿ, ಗಾಢವಾಗಿ ಕಾಣುತ್ತದೆ. ಅಂಟದ ಭಾಗ ಪೇಲವವಾಗಿರುತ್ತದೆ. ಚಿತ್ರ ಒಂದೇ, ಗಾಜೂ ಒಂದೇ. ನಡುವೆ ಗಾಳಿ ಇದೆಯೋ ಇಲ್ಲವೋ ಎಂಬುದಷ್ಟೇ ವ್ಯತ್ಯಾಸ.

ಬೆಳಕು ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವಾಗ ಗಡಿಯಲ್ಲಿ ಸ್ವಲ್ಪ ಭಾಗ ಪ್ರತಿಫಲಿಸುತ್ತದೆ. ಎಷ್ಟು ಭಾಗ ಎಂಬುದು ಎರಡು ಮಾಧ್ಯಮಗಳ ವಕ್ರೀಭವನಾಂಕಗಳ ವ್ಯತ್ಯಾಸವನ್ನು ಅವಲಂಬಿಸಿದೆ. ಬೆಳಕು ಲಂಬವಾಗಿ ಬಿದ್ದಾಗ, ವಕ್ರೀಭವನಾಂಕಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ ಪ್ರತಿಫಲನದ ಪ್ರಮಾಣ ಸಿಗುತ್ತದೆ. ಗಾಳಿಗೆ 1, ಗಾಜಿಗೆ 1.5 ಎಂದಿಟ್ಟುಕೊಂಡರೆ:

(1.5 − 1)² ÷ (1.5 + 1)² = 0.04

ಅಂದರೆ ಶೇಕಡ 4. ಈಗ ಗಾಜಿನ ಹಿಂದೆ ಗಾಳಿಯ ಬದಲು ನಾರಗಸೆ ಎಣ್ಣೆಯಲ್ಲಿ ಕಲಸಿದ ಬಣ್ಣ ಇದೆಯೆನ್ನಿ. ಎಣ್ಣೆಯ ವಕ್ರೀಭವನಾಂಕ ಸುಮಾರು 1.48. ಆಗ:

(1.5 − 1.48)² ÷ (1.5 + 1.48)² = 0.000045

ಇದು ಶೇಕಡ 0.0045ರಷ್ಟು ಮಾತ್ರ, ಅಂದರೆ ಮೊದಲಿನದರ ಸುಮಾರು ಒಂಬೈನೂರರಲ್ಲಿ ಒಂದು ಪಾಲು. ಗಾಜು ಎಲ್ಲಿ ಮುಗಿಯಿತು, ಬಣ್ಣ ಎಲ್ಲಿ ತೊಡಗಿತು ಎಂಬುದು ಬೆಳಕಿಗೆ ತಿಳಿಯುವುದೇ ಇಲ್ಲ ಎನ್ನಬಹುದು. ಈ ಸ್ಥಿತಿಯನ್ನು ದ್ಯುತಿಸಂಪರ್ಕ ಎಂದು ಕರೆಯೋಣ.

ಸಾಮಾನ್ಯ ಕಟ್ಟಿನ ಚಿತ್ರದಲ್ಲಿ ಗಾಜಿನ ಮುಂಬದಿ, ಗಾಜಿನ ಹಿಂಬದಿ, ಚಿತ್ರದ ಮೇಲ್ಮೈ ಎಂಬ ಮೂರು ಗಡಿಗಳಲ್ಲಿ ಪ್ರತಿಫಲನ ನಡೆಯುತ್ತದೆ. ಹಿಮ್ಮುಖ ಚಿತ್ರದಲ್ಲಿ ಉಳಿಯುವುದು ಗಾಜಿನ ಮುಂಬದಿಯೊಂದೇ. ಈ ಪ್ರತಿಫಲಿತ ಬೆಳಕಿಗೆ ಚಿತ್ರದ ಬಣ್ಣವಿರುವುದಿಲ್ಲ. ಅದು ಬಿಳಿಯ ಬೆಳಕು. ಚಿತ್ರದ ಬಣ್ಣದೊಂದಿಗೆ ಬಿಳಿ ಬೆರೆತಷ್ಟೂ ಬಣ್ಣ ತಿಳಿಯಾಗುತ್ತದೆ. ಬಿಳಿ ಕಡಿಮೆಯಾದಷ್ಟೂ ಬಣ್ಣ ಗಾಢವಾಗುತ್ತದೆ.

ತೈಲಚಿತ್ರಕ್ಕೆ ವಾರ್ನಿಶ್ ಬಳಿಯುವುದೂ ಇದೇ ಉದ್ದೇಶಕ್ಕೆ. ಬಣ್ಣದ ಒರಟು ಮೇಲ್ಮೈಯನ್ನು ಅದು ತುಂಬಿ ನುಣುಪಾಗಿಸುತ್ತದೆ. ಆದರೆ ವಾರ್ನಿಶ್ ಕೆಲವು ದಶಕಗಳಲ್ಲಿ ಹಳದಿಗೆ ತಿರುಗುತ್ತದೆ, ಬಿರುಕು ಬಿಡುತ್ತದೆ. ಹಿಮ್ಮುಖ ಚಿತ್ರದಲ್ಲಿ ವಾರ್ನಿಶ್‌ನ ಕೆಲಸವನ್ನು ಗಾಜೇ ಮಾಡುತ್ತದೆ. ಅದು ಹಳದಿಯಾಗುವುದಿಲ್ಲ, ಅದನ್ನು ಮುಂಬದಿಯಿಂದ ಒರೆಸಬಹುದು. ಆದ್ದರಿಂದ ಇಲ್ಲಿ ಗಾಜು ಚಿತ್ರದ ಮೇಲಿನ ಹೊದಿಕೆಯಲ್ಲ, ಚಿತ್ರದ್ದೇ ಒಂದು ಭಾಗ.

ಬೆಳಕು ಹಿಂದಿರುಗುವ ದಾರಿ

ಬಣ್ಣದ ಕಣಗಳನ್ನು ತಲುಪಿದ ಬೆಳಕು ಎಲ್ಲ ದಿಕ್ಕುಗಳಿಗೂ ಚದರಿ, ಗಾಜಿನೊಳಗೆ ಹಿಂದಿರುಗುತ್ತದೆ. ಗಾಜಿನಿಂದ ಗಾಳಿಗೆ ಹೊರಡುವ ಕಿರಣದ ಆಪಾತ ಕೋನ ಒಂದು ಮಿತಿಯನ್ನು ಮೀರಿದರೆ ಕಿರಣ ಹೊರಬರಲಾಗದೆ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತದೆ. ಇದು ಪೂರ್ಣ ಆಂತರಿಕ ಪ್ರತಿಫಲನ. ಆ ಮಿತಿಯೇ ಕ್ರಾಂತಿಕೋನ. ಗಾಜಿನ ವಕ್ರೀಭವನಾಂಕ 1.5 ಆದರೆ ಕ್ರಾಂತಿಕೋನದ ಸೈನ್ ಬೆಲೆ 1 ÷ 1.5, ಅಂದರೆ ಕೋನ ಸುಮಾರು 41.8 ಡಿಗ್ರಿ.

ಎಲ್ಲ ದಿಕ್ಕಿಗೂ ಸಮನಾಗಿ ಚದರಿದ ಬೆಳಕಿನಲ್ಲಿ ಈ ಮಿತಿಯ ಹೊರಗೆ ಬೀಳುವ ಭಾಗ 1 − 1/(1.5)² = 0.556. ಹೀಗೆ ಅರ್ಧಕ್ಕಿಂತ ಹೆಚ್ಚು ಬೆಳಕು ಮೊದಲ ಯತ್ನದಲ್ಲಿ ಹೊರಬರುವುದಿಲ್ಲ. ಅದು ಮತ್ತೆ ಬಣ್ಣದ ಮೇಲೆ ಬೀಳುತ್ತದೆ, ಮತ್ತೆ ಚದರುತ್ತದೆ. ಒಂದು ಕುಂಕುಮಗೆಂಪು ಬಣ್ಣ ತನ್ನ ಮೇಲೆ ಬಿದ್ದ ಕೆಂಪು ಬೆಳಕಿನಲ್ಲಿ ಶೇಕಡ 80ನ್ನು, ಹಸಿರು ಬೆಳಕಿನಲ್ಲಿ ಶೇಕಡ 10ನ್ನು ಚದರಿಸುತ್ತದೆ ಎಂದು ಉದಾಹರಣೆಗೆ ಭಾವಿಸೋಣ. ಒಂದು ಸಲ ಚದರಿದ ಬೆಳಕಿನಲ್ಲಿ ಕೆಂಪು ಹಸಿರಿನ 8 ಪಟ್ಟು. ಎರಡು ಸಲ ಚದರಿದ ಬೆಳಕಿನಲ್ಲಿ 64 ಪಟ್ಟು. ಪ್ರತಿ ಸುತ್ತಿಗೂ ಬಣ್ಣ ಹೆಚ್ಚು ಶುದ್ಧವಾಗುತ್ತ ಹೋಗುತ್ತದೆ.

ಈ ಪರಿಣಾಮ ವಾರ್ನಿಶ್ ಬಳಿದ ಚಿತ್ರದಲ್ಲೂ ಉಂಟು. ಆದರೆ ವಾರ್ನಿಶ್ ಪದರ ಬಹಳ ತೆಳು. ಆದ್ದರಿಂದ ಹಿಂದಿರುಗಿದ ಬೆಳಕು ಹೊರಟ ಜಾಗದಲ್ಲೇ ಬೀಳುತ್ತದೆ. ಗಾಜು ಮಿಲಿಮೀಟರುಗಟ್ಟಲೆ ದಪ್ಪ. ಅದರ ದಪ್ಪ 2 ಮಿಲಿಮೀಟರ್ ಆದರೆ, ಪೂರ್ಣ ಆಂತರಿಕ ಪ್ರತಿಫಲನ ಹೊಂದಿದ ಕಿರಣ ಕನಿಷ್ಠ 2 × 2 × ಟ್ಯಾನ್ 41.8°, ಅಂದರೆ ಸುಮಾರು 3.6 ಮಿಲಿಮೀಟರ್ ದೂರದಲ್ಲಿ ಬಣ್ಣವನ್ನು ಮುಟ್ಟುತ್ತದೆ. ಹಣೆಯಿಂದ ಹೊರಟ ಬೆಳಕು ಕೂದಲಿನ ಅಂಚಿಗೆ, ಸೀರೆಯ ಕೆಂಪು ಕೆನ್ನೆಯ ಬದಿಗೆ ಸ್ವಲ್ಪ ಹರಡುತ್ತದೆ. ಗಾಜಿನ ಭಾವಚಿತ್ರಗಳ ಮುಖದಲ್ಲಿ ಕಾಣುವ ಮೃದುವಾದ ಕಾಂತಿಗೆ ಇದೂ ಒಂದು ಕಾರಣ.

ತರಗತಿಯಲ್ಲಿ ಎರಡು ಪ್ರಯೋಗ

ಮೇಲೆ ಹೇಳಿದ್ದನ್ನು ಶಿಕ್ಷಕರು ಕಡಿಮೆ ಖರ್ಚಿನಲ್ಲಿ ಮಾಡಿ ತೋರಿಸಬಹುದು.

ಪ್ರಯೋಗ 1: ಅಂಚು ಮಟ್ಟ ಮಾಡಿದ ಒಂದು ಗಾಜಿನ ತುಂಡು ಮತ್ತು ಕಪ್ಪು ಡ್ರಾಯಿಂಗ್ ಹಾಳೆಯನ್ನು ತೆಗೆದುಕೊಳ್ಳಿ. ಹಾಳೆಯ ಅರ್ಧ ಭಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಗಾಳಿಗುಳ್ಳೆ ಉಳಿಯದಂತೆ ಗಾಜಿಗೆ ಒತ್ತಿ. ಉಳಿದರ್ಧ ಒಣಗಿಯೇ ಇರಲಿ. ಕಿಟಕಿಯ ಬೆಳಕಿನಲ್ಲಿ ಗಾಜಿನ ಕಡೆಯಿಂದ ನೋಡಿದರೆ ಎಣ್ಣೆಯ ಭಾಗ ಅಚ್ಚ ಕಪ್ಪಾಗಿ, ಒಣ ಭಾಗ ಬೂದಿ ಬಣ್ಣವಾಗಿ ಕಾಣುತ್ತದೆ. ಕೊಬ್ಬರಿ ಎಣ್ಣೆಯ ವಕ್ರೀಭವನಾಂಕ ಸುಮಾರು 1.45, ಗಾಜಿನದಕ್ಕೆ ಹತ್ತಿರ. ಮುತ್ತಜ್ಜನ ಕೋಟಿನಲ್ಲಿ ಆದದ್ದೂ ಇದೇ.

ಪ್ರಯೋಗ 2: 5 ಮಿಲಿಮೀಟರ್ ದಪ್ಪದ ಗಾಜಿನ ಕೆಳಬದಿಗೆ ಬಿಳಿ ಕಾಗದವನ್ನು ನೀರಿನಿಂದ ಚೆನ್ನಾಗಿ ಅಂಟಿಸಿ. ಕೋಣೆಯನ್ನು ಕತ್ತಲು ಮಾಡಿ, ಮೇಲಿನಿಂದ ಲೇಸರ್ ಪಾಯಿಂಟರ್‌ನ ಬೆಳಕನ್ನು ಕಾಗದದ ಮೇಲೆ ಬಿಡಿ. ನಡುವೆ ಹೊಳೆಯುವ ಚುಕ್ಕೆ, ಅದರ ಸುತ್ತ ಕಪ್ಪು ವೃತ್ತ, ಅದರಾಚೆ ಬೆಳಕಿನ ಬಳೆ ಕಾಣುತ್ತದೆ. ಬಳೆಯ ಒಳ ಅಂಚಿನ ವ್ಯಾಸ ಸುಮಾರು 18 ಮಿಲಿಮೀಟರ್ ಇರುತ್ತದೆ. ಅದರ ತ್ರಿಜ್ಯವನ್ನು ಗಾಜಿನ ದಪ್ಪದ ಎರಡರಷ್ಟರಿಂದ ಭಾಗಿಸಿದರೆ ಕ್ರಾಂತಿಕೋನದ ಟ್ಯಾನ್ ಬೆಲೆ ಸಿಗುತ್ತದೆ, ಅದರಿಂದ ಗಾಜಿನ ವಕ್ರೀಭವನಾಂಕವನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಈಗ ಒದ್ದೆ ಕಾಗದ ತೆಗೆದು ಒಣ ಕಾಗದವನ್ನಿಡಿ. ಬಳೆ ಮಾಯವಾಗುತ್ತದೆ! ಕಾಗದದಿಂದ ಗಾಳಿಯ ಮೂಲಕ ಗಾಜನ್ನು ಹೊಕ್ಕ ಕಿರಣ ಗಾಜಿನೊಳಗೆ 41.8 ಡಿಗ್ರಿಗಿಂತ ಹೆಚ್ಚು ಓರೆಯಾಗಲಾರದು. ಆದ್ದರಿಂದ ಪೂರ್ಣ ಆಂತರಿಕ ಪ್ರತಿಫಲನಕ್ಕೆ ಅವಕಾಶವೇ ಇಲ್ಲ. ಲೇಸರ್ 1 ಮಿಲಿವ್ಯಾಟ್‌ಗಿಂತ ಹೆಚ್ಚಿನದಾಗಿರಬಾರದು. ಗಾಜಿನಿಂದ ಪ್ರತಿಫಲಿಸಿದ ಕಿರಣವೂ ಯಾರ ಕಣ್ಣಿಗೂ ಬೀಳದಂತೆ ಎಚ್ಚರ ವಹಿಸಬೇಕು.

ಸಂಪರ್ಕ ತಪ್ಪಿದಾಗ

ಬಣ್ಣದ ಪದರ ಗಾಜಿನಿಂದ ಒಂದಿಷ್ಟು ಮೇಲೆದ್ದರೆ ನಡುವೆ ಗಾಳಿಯ ತೆಳು ಪದರ ಸೇರಿಕೊಳ್ಳುತ್ತದೆ. ಆಗ ಹಿಂದೆ ಇಲ್ಲದಿದ್ದ ಎರಡು ಗಡಿಗಳು ಹುಟ್ಟುತ್ತವೆ. ಒಂದು ಗಾಜಿನಿಂದ ಗಾಳಿಗೆ, ಇನ್ನೊಂದು ಗಾಳಿಯಿಂದ ಬಣ್ಣಕ್ಕೆ. ಪ್ರತಿಯೊಂದೂ ಸುಮಾರು ಶೇಕಡ 4ರಂತೆ, ಒಟ್ಟು ಸುಮಾರು ಶೇಕಡ 8ರಷ್ಟು ಬಿಳಿ ಬೆಳಕು ಹೊಸದಾಗಿ ಪ್ರತಿಫಲಿಸುತ್ತದೆ. ಬಿಳಿ ಪೇಟದಂಥ ತಿಳಿ ಭಾಗದಲ್ಲಿ ಇದು ಗಮನಕ್ಕೆ ಬಾರದಿರಬಹುದು. ಆದರೆ ಕಪ್ಪು ಕೋಟು, ತಲೆಗೂದಲು ಮೊದಲೇ ಬಿದ್ದ ಬೆಳಕಿನ ಶೇಕಡ 4–5ನ್ನು ಮಾತ್ರ ಹಿಂದಿರುಗಿಸುವಂಥವು. ಅವುಗಳ ಮೇಲೆ ಈ ಹೆಚ್ಚಿನ ಬೆಳಕು ಬೂದಿ ಎರಚಿದಂತೆ ಕಾಣುತ್ತದೆ. ಚಿತ್ರದ ಕಪ್ಪು ಭಾಗಗಳೇ ಮೊದಲು ‘ಮಾಸಿದಂತೆ’ ತೋರುವುದಕ್ಕೆ ಇದೇ ಕಾರಣ.

ಮಾಸುವಿಕೆ ನಿಜವೋ, ಸಂಪರ್ಕ ತಪ್ಪಿದ್ದೋ ಎಂಬುದನ್ನು ತಿಳಿಯಲು ಒಂದು ಸುಳುಹು ಇದೆ. ಚಿತ್ರವನ್ನು ಅಲುಗಿಸದೆ, ನಾವೇ ಪಕ್ಕಕ್ಕೆ ಸರಿಯುತ್ತ ಬೇರೆ ಬೇರೆ ಕೋನಗಳಿಂದ ನೋಡಬೇಕು. ನಿಜವಾಗಿ ಮಾಸಿದ ಬಣ್ಣ ಎಲ್ಲ ಕೋನದಿಂದಲೂ ಮಂಕಾಗಿಯೇ ಇರುತ್ತದೆ. ಗಾಜನ್ನು ಬಿಟ್ಟ ಭಾಗ ಒಂದು ಕೋನದಲ್ಲಿ ಬೆಳ್ಳಿಯಂತೆ ಮಿಂಚಿ, ಇನ್ನೊಂದರಲ್ಲಿ ಗಾಢವಾಗುತ್ತದೆ. ತೇಪೆಯ ಅಂಚು ಚೂಪಾಗಿರುತ್ತದೆ.

ಬಿರುಕು ಆಗತಾನೇ ತೊಡಗಿದ ಕಡೆ ಕೆಲವೊಮ್ಮೆ ಕಾಮನಬಿಲ್ಲಿನ ಬಣ್ಣದ ಪಟ್ಟೆಗಳೂ ಕಾಣಬಹುದು. ಇವು ನ್ಯೂಟನ್ನನ ಉಂಗುರಗಳ ಜಾತಿಯವು. ಗಾಳಿಪದರದ ಎರಡು ಗಡಿಗಳಿಂದ ಬಂದ ಬೆಳಕಿನ ವ್ಯತಿಕರಣದಿಂದ ಉಂಟಾಗುತ್ತವೆ. 550 ನ್ಯಾನೊಮೀಟರ್ ಅಲೆಯುದ್ದದ ಹಸಿರು ಬೆಳಕಿಗೆ ಒಂದು ಪಟ್ಟೆಯಿಂದ ಮುಂದಿನದಕ್ಕೆ ಅಂತರದಲ್ಲಿ ಆಗುವ ಹೆಚ್ಚಳ ಅದರ ಅರ್ಧ, ಅಂದರೆ ಸುಮಾರು 0.28 ಮೈಕ್ರೊಮೀಟರ್. ಮೂರು ಪಟ್ಟೆ ಎಣಿಸಿದರೆ ಬಣ್ಣ ಗಾಜಿನಿಂದ ಒಂದು ಮೈಕ್ರೊಮೀಟರಿಗೂ ಕಡಿಮೆ ದೂರ ಸರಿದಿದೆ ಎಂದು ಬರಿಗಣ್ಣಿನಿಂದಲೇ ಹೇಳಬಹುದು. ಅಂತರ ಇನ್ನೂ ಹೆಚ್ಚಾದಾಗ ಪಟ್ಟೆಗಳು ಬೆರೆತುಹೋಗಿ ಬರಿಯ ಬಿಳುಪು ಉಳಿಯುತ್ತದೆ. ಪಟ್ಟೆಗಳು ಕಂಡ ಹೊತ್ತೇ ಎಚ್ಚೆತ್ತುಕೊಳ್ಳಬೇಕಾದ ಹೊತ್ತು.

ಬಣ್ಣ ಗಾಜನ್ನು ಬಿಡುವುದೇಕೆ?

ಮೊದಲ ಕಾರಣ ಗಾಜಿನ ನುಣುಪು. ಬಟ್ಟೆ, ಕಾಗದ, ಗೋಡೆಗಳಲ್ಲಿ ಬಣ್ಣ ರಂಧ್ರಗಳೊಳಗೆ ಇಳಿದು ಕಚ್ಚಿಕೊಳ್ಳುತ್ತದೆ. ಗಾಜಿನಲ್ಲಿ ಹಾಗೆ ಬೇರೂರಲು ಜಾಗವಿಲ್ಲ. ಬಣ್ಣವನ್ನು ಕಲಸಿದ ಎಣ್ಣೆ, ರಾಳ ಅಥವಾ ಅಂಟು ಗಾಜಿನ ಮೇಲ್ಮೈಗೆ ಅಣುಗಳ ಮಟ್ಟದಲ್ಲಿ ಅಂಟಿಕೊಂಡಿರುವುದೇ ಎಲ್ಲ ಆಧಾರ.

ಎರಡನೆಯದು ಉಷ್ಣ ವ್ಯಾಕೋಚನ. ಗಾಜು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ತನ್ನ ಉದ್ದದ ದಶಲಕ್ಷದಲ್ಲಿ ಸುಮಾರು 9 ಭಾಗ ಹಿಗ್ಗುತ್ತದೆ. 50 ಸೆಂಟಿಮೀಟರ್ ಉದ್ದದ ಗಾಜು 20 ಡಿಗ್ರಿ ಬಿಸಿಯಾದರೆ ಹಿಗ್ಗುವುದು 0.09 ಮಿಲಿಮೀಟರ್. ಎಣ್ಣೆ, ರಾಳಗಳ ಪದರ ಇದರ ಹಲವು ಪಟ್ಟು ಹಿಗ್ಗಬಯಸುತ್ತದೆ. ಬಿಸಿಲು ಬೀಳುವ ಗೋಡೆಯಲ್ಲಿ ಈ ಎಳೆದಾಟ ದಿನವೂ ನಡೆಯುತ್ತದೆ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಹೀರಿ ಹೆಚ್ಚು ಬಿಸಿಯಾಗುವುದರಿಂದ ಅಲ್ಲಿ ಎಳೆತವೂ ಹೆಚ್ಚು. ವಯಸ್ಸಾದ ಎಣ್ಣೆಬಣ್ಣ ಬಿರುಸಾಗಿರುತ್ತದೆ, ಬಾಗುವ ಬದಲು ಬಿರಿಯುತ್ತದೆ.

ಮೂರನೆಯದು ತೇವ, ಅದರ ಮೂಲಕ ಗಾಜಿನದೇ ರಸಾಯನ. ಸಾಮಾನ್ಯ ಗಾಜು ಮರಳು, ಸೋಡ ಮತ್ತು ಸುಣ್ಣಗಳಿಂದಾದದ್ದು. ಸೋಡ ಮರಳನ್ನು ಬೇಗ ಕರಗಿಸುತ್ತದೆ, ಸುಣ್ಣ ಗಾಜಿಗೆ ನೀರಿನೆದುರು ಬಾಳಿಕೆ ಕೊಡುತ್ತದೆ. ಸುಣ್ಣ ಕಡಿಮೆ ಇರುವ ಹಳೆಯ ಗಾಜಿನ ಮೇಲ್ಮೈಯಲ್ಲಿ ತೇವ ನಿಂತರೆ ನೀರಿನ ಹೈಡ್ರೊಜನ್ ಅಯಾನುಗಳು ಒಳಹೊಕ್ಕು, ಸೋಡಿಯಂ ಅಯಾನುಗಳು ಹೊರಬರುತ್ತವೆ. ಆ ತೇವದ ಪದರ ಕ್ಷಾರವಾಗುತ್ತದೆ. ಕ್ಷಾರ ಮತ್ತು ಎಣ್ಣೆ ಸೇರಿದರೆ ಏನಾಗುತ್ತದೆಂದು ರಸಾಯನವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತು: ಸಾಬೂನು! ಹೀಗೆ ಬಣ್ಣವನ್ನು ಹಿಡಿದಿಟ್ಟ ಎಣ್ಣೆಯೇ ಗಾಜಿನ ಅಂಚಿನಲ್ಲಿ ಸಡಿಲವಾಗುತ್ತದೆ. ಅಂಟಿನಲ್ಲಿ ಕಲಸಿದ ಬಣ್ಣವಾದರೆ ತೇವಕ್ಕೆ ಉಬ್ಬಿ, ಒಣಗಿದಾಗ ಕುಗ್ಗಿ, ಹಕ್ಕಳೆಯಾಗಿ ಏಳುತ್ತದೆ.

ಬ್ರೆಷಾದ ಪದಕ ಇಷ್ಟು ಕಾಲ ಉಳಿದಿರುವ ಗುಟ್ಟು ಈಗ ತಿಳಿಯುತ್ತದೆ. ಅಲ್ಲಿ ಎಣ್ಣೆಯಾಗಲಿ ಅಂಟಾಗಲಿ ಆಧಾರವಲ್ಲ. ತುಕ್ಕು ಹಿಡಿಯದ ಚಿನ್ನದ ಎರಡು ಬದಿಗೂ ಗಾಜು ಬೆಸೆದುಕೊಂಡಿದೆ. ತೇವ ನುಸುಳಲು ದಾರಿಯಿಲ್ಲ. ನಮ್ಮ ಮನೆಯ ಭಾವಚಿತ್ರಗಳ ಹಿಂಬದಿಯಾದರೋ ಒಂದು ಹಲಗೆ ಬಿಟ್ಟರೆ ಗೋಡೆಯ ತೇವಕ್ಕೆ ತೆರೆದೇ ಇರುತ್ತದೆ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನೂ ತೊಡೆದುಹಾಕಬೇಕು. ಹಳೆಯ ಗಾಜು ಅಲೆಅಲೆಯಾಗಿರುವುದನ್ನು ಕಂಡು, ಗಾಜು ದ್ರವ, ಅದು ನಿಧಾನವಾಗಿ ಹರಿದು ಚಿತ್ರವನ್ನು ಕೆಡಿಸುತ್ತದೆ ಎನ್ನುವವರಿದ್ದಾರೆ. ಬ್ರೆಜಿಲಿನ ವಿಜ್ಞಾನಿ ಎಡ್ಗರ್ ಜನೊಟ್ಟೊ 1998ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಕೋಣೆಯ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣುವಷ್ಟು ಹರಿಯಲು ವಿಶ್ವದ ವಯಸ್ಸೂ ಸಾಲದು. ಅಲೆಗಳು ಬಂದದ್ದು ಊದಿ, ಬಿಡಿಸಿ ಹಾಳೆ ಮಾಡುತ್ತಿದ್ದ ಹಳೆಯ ವಿಧಾನದಿಂದ. ಆದ್ದರಿಂದ ಗಾಜು ‘ಕೆಟ್ಟಿದೆ’ ಎಂದು ಬದಲಿಸುವ ಯೋಚನೆಯೇ ಸಲ್ಲದು. ಗಾಜನ್ನು ಬದಲಿಸುವುದೆಂದರೆ ಚಿತ್ರವನ್ನೇ ಎಸೆದಂತೆ.

ಏನು ಮಾಡಬಾರದು, ಏನು ಮಾಡಬಹುದು

1. ಹಿಂಬದಿಯನ್ನು ಯಾವ ಕಾರಣಕ್ಕೂ ಒರೆಸಬಾರದು. ಒಣ ಬಟ್ಟೆಯೂ ಬೇಡ. ಅಂಟಿನ ಬಣ್ಣ ನೀರಿಗೆ ಕರಗುತ್ತದೆ. ಎಣ್ಣೆಬಣ್ಣದ ಎದ್ದ ಹಕ್ಕಳೆ ಬಟ್ಟೆಯ ನೂಲಿಗೆ ಸಿಕ್ಕಿ ಕಿತ್ತುಬರುತ್ತದೆ. ಮುಂಬದಿಯ ಗಾಜನ್ನು ಒಣಗಿದ ಮೃದು ಬಟ್ಟೆಯಿಂದ ಹಗುರವಾಗಿ ಒರೆಸಬಹುದು. ನೀರು ಅಥವಾ ದ್ರಾವಣವನ್ನು ಸಿಂಪಡಿಸಿದರೆ ಅದು ಕಟ್ಟಿನ ಸಂದಿಯಿಂದ ಹಿಂದಕ್ಕೆ ಇಳಿಯುತ್ತದೆ.

2. ಪ್ರಯೋಗ 1ರಲ್ಲಿ ಎಣ್ಣೆ ಸವರಿದೊಡನೆ ಕಪ್ಪು ಮರಳಿದ್ದನ್ನು ಕಂಡು, ಚಿತ್ರದ ಹಿಂದೆಯೂ ಎಣ್ಣೆ ಅಥವಾ ವಾರ್ನಿಶ್ ಬಳಿಯುವ ಆಸೆ ಹುಟ್ಟಬಹುದು. ಹಾಗೆ ಮಾಡಬಾರದು. ಎಣ್ಣೆ ಕೊಳೆಯನ್ನೂ ಒಳಗೆ ಎಳೆದೊಯ್ಯುತ್ತದೆ, ಹಳದಿಯಾಗುತ್ತದೆ, ಆಮೇಲೆ ತೆಗೆಯಲು ಬರುವುದಿಲ್ಲ. ತರಬೇತಿ ಪಡೆದ ಸಂರಕ್ಷಕರು ಇದೇ ತತ್ತ್ವವನ್ನು ಬಳಸುತ್ತಾರೆ, ಆದರೆ ಬೇಕೆಂದಾಗ ಮತ್ತೆ ಕರಗಿಸಿ ತೆಗೆಯಬಹುದಾದ ರಾಳಗಳಿಂದ. ಪ್ಯಾರಲಾಯ್ಡ್ ಬಿ-72 ಅಂಥದೊಂದು. ಅದರ ವಕ್ರೀಭವನಾಂಕ ಸುಮಾರು 1.49.

3. ಚಿತ್ರವನ್ನು ಬಿಸಿಲು ಬೀಳುವ, ಮಳೆಗೆ ತೋಯುವ ಹೊರಗೋಡೆಯಲ್ಲಿ ಮತ್ತು ಅಡುಗೆಮನೆಯ ಬಳಿ ತೂಗುಹಾಕಬಾರದು. ಒಳಗೋಡೆಯಲ್ಲಿ, ಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಚಿಕ್ಕ ಬಿರಡೆಯ ತುಂಡುಗಳನ್ನು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ. ತೇವಾಂಶದ ಪ್ರಮಾಣಕ್ಕಿಂತ ಅದರ ಏರಿಳಿತ ಹೆಚ್ಚು ಅಪಾಯಕಾರಿ.

4. ತೂಗುವ ದಾರ ಮತ್ತು ಮೊಳೆಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಚಿತ್ರವನ್ನು ಸಾಗಿಸುವಾಗ ಬಣ್ಣದ ಬದಿ ಮೇಲಿರುವಂತೆ, ಮಟ್ಟಸವಾಗಿ ಇಟ್ಟರೆ ಸಡಿಲಾದ ಹಕ್ಕಳೆಗಳು ಉದುರುವುದಿಲ್ಲ. ಗಾಜು ಒಡೆದಿದ್ದರೆ ಒಂದು ಚೂರನ್ನೂ ಎಸೆಯದೆ, ಇದ್ದ ಜಾಗದ ಗುರುತಿನೊಂದಿಗೆ ಕಾಗದದಲ್ಲಿ ಸುತ್ತಿಡಬೇಕು.

5. ಉದುರಿದ ಬಣ್ಣದ ಪುಡಿಯನ್ನು ಮಕ್ಕಳು ಮುಟ್ಟಬಾರದು. ಹಳೆಯ ಬಿಳಿಯಲ್ಲಿ ಸೀಸವಿರುತ್ತದೆ. ಚೀನಾದ ಕೆಲವು ಚಿತ್ರಗಳನ್ನು ಕನ್ನಡಿಯ ಹಿಂಬದಿಯ ಲೇಪವನ್ನು ಬೇಕಾದಷ್ಟು ಕೆರೆದು ಬರೆಯುತ್ತಿದ್ದರು. ಆ ಲೇಪ ತವರ ಮತ್ತು ಪಾದರಸದ ಮಿಶ್ರಣ.

6. ಇಂದೇ ಮಾಡಬಹುದಾದ ಕೆಲಸವೆಂದರೆ ಚಿತ್ರದ ಛಾಯಾಚಿತ್ರ ತೆಗೆದಿಡುವುದು. ಫ್ಲಾಶ್ ಬಳಸದೆ, ಎದುರಿನ ಕಿಟಕಿ ಮುಚ್ಚಿ, ಪಕ್ಕದಿಂದ ಬರುವ ಬೆಳಕಿನಲ್ಲಿ ತೆಗೆದರೆ ಮುಂಬದಿಯ ಶೇಕಡ 4ರ ಪ್ರತಿಫಲನ ಅಡ್ಡಬರುವುದಿಲ್ಲ. ವರ್ಷಕ್ಕೊಮ್ಮೆ ಅದೇ ಜಾಗದಿಂದ ತೆಗೆದು ಹೋಲಿಸಿದರೆ ಬೂದಿ ತೇಪೆ ಬೆಳೆಯುತ್ತಿದೆಯೇ ಎಂಬುದು ಗೊತ್ತಾಗುತ್ತದೆ. ಬೆಳೆಯುತ್ತಿದ್ದರೆ ತಡಮಾಡದೆ ಇಂಟ್ಯಾಕ್‌ನಂಥ ಸಂಸ್ಥೆಯ ಸಂರಕ್ಷಣಾ ತಜ್ಞರ ಸಲಹೆ ಪಡೆಯಬೇಕು.

ಶಿಕ್ಷಕರು ಬೆಳಕಿನ ಪಾಠ ಮಾಡುವಾಗ, ಇಂಥ ಚಿತ್ರ ಯಾರ ಮನೆಯಲ್ಲಾದರೂ ಇದೆಯೇ ಎಂದು ವಿದ್ಯಾರ್ಥಿಗಳನ್ನು ಕೇಳಬಹುದು. ಇದ್ದರೆ ಅದನ್ನು ಶಾಲೆಗೆ ತರಿಸದೆ, ಇದ್ದಲ್ಲಿಯೇ ನೋಡಿ ಬರಲು, ಯಾವ ಭಾಗ ಗಾಢವಾಗಿದೆ, ಯಾವುದು ಬಿಳಿಚಿದೆ ಎಂದು ನಕ್ಷೆ ಬರೆದು ತರಲು ಹೇಳಬಹುದು. ಜೊತೆಗೆ ಚಿತ್ರದಲ್ಲಿರುವವರು ಯಾರು, ಯಾವ ಊರಿನವರು, ಈಗಿನ ಮನೆಯವರಿಗೆ ಏನಾಗಬೇಕು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆಸಿಕೊಳ್ಳಲಿ. ಆ ಬರಹವನ್ನು ಚಿತ್ರದ ಹಿಂಬದಿಗೆ ಅಂಟಿಸದೆ ಪ್ರತ್ಯೇಕ ಲಕೋಟೆಯಲ್ಲಿ, ಛಾಯಾಚಿತ್ರದೊಂದಿಗೆ ಇಡಬೇಕು. ಬಣ್ಣ ಗಾಜನ್ನು ಬಿಟ್ಟರೆ ತಜ್ಞರು ಎಷ್ಟೋ ಮಟ್ಟಿಗೆ ಸರಿಪಡಿಸಬಲ್ಲರು. ಹೇಳುವ ಹಿರಿಯರು ತೀರಿಕೊಂಡ ಮೇಲೆ ಹೆಸರುಗಳನ್ನು ಮರಳಿ ತರುವ ಉಪಾಯ ಯಾವ ಪ್ರಯೋಗಾಲಯದಲ್ಲೂ ಇಲ್ಲ.